ತುತ್ತೂರಿಯವನ ವಸಡು

ಕುರ್ಚಿಯಲ್ಲಿ ಕೂರುವ ಮೊದಲೇ ದೆಸಿಮಿರ್ ಜಗಳ ತೆಗೆದ.

"ಹಲ್ಲು ಕೀಳಿಸೋಕೆ ಬಂದಿಲ್ಲ ಅತ್ತಿಗೆ. ಬಾಯಿ ಚೆನ್ನಾಗಿದೆ ಅಂತ ಚೀಟಿ ಬರ್ಕೊಡು, ಹೋಗ್ತೀನಿ."

"ಅತ್ತಿಗೆ ಅನ್ಬೇಡ. ನಿಮ್ಮಣ್ಣನ್ನ ಬಿಟ್ಟಾಗ್ಲೇ ಅದು ಹರ್ಕೊಂಡಾಯ್ತು," ಎಂದಳು ವಿದೊಸಾವಾ, ಕೈಗವಸು ಎಳೆದುಕೊಳ್ಳುತ್ತ. ವ್ರಾನ್ಯೆ ಕಡೆಯ ಆ ಸಣ್ಣ ಊರಿಗೆ ಹಲ್ಲಿನ ಡಾಕ್ಟರು ಅಂತ ಇದ್ದವಳು ಅವಳೊಬ್ಬಳೇ. ಇಲ್ಲದಿದ್ದರೆ ಅವನು ಈ ಮೆಟ್ಟಿಲು ತುಳಿಯುತ್ತಿದ್ದನೇ!

ಅವನ ಗುಂಡಿಗೆಯ ಒಂದು ಕವಾಟ ಕೆಟ್ಟಿತ್ತು. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ದೊಡ್ಡಾಸ್ಪತ್ರೆಯವರು ಕಡ್ಡಿ ಮುರಿದ ಹಾಗೆ ಹೇಳಿದ್ದರು: ಬಾಯಿ ಶುದ್ಧವಾಗುವ ತನಕ ಎದೆ ಕೊಯ್ಯುವುದಿಲ್ಲ. ಆದರೆ ಮುಂದಿನ ಹಲ್ಲು ಹೋದರೆ ತುತ್ತೂರಿ ಹೋದ ಹಾಗೇ. ಮದುವೆಗೂ ಹೆಣಕ್ಕೂ ಊದಿಯೇ ಬದುಕಿದ ಮನುಷ್ಯ ಅವನು.

ಅವಳು ಕಡ್ಡಿ ತಾಗಿಸಿದ್ದೇ ತಡ, ವಸಡಿನಿಂದ ರಕ್ತ ಬಂತು. ಹಿಂದೆಯೇ ಕೀವು.

"ಎಷ್ಟು ವರ್ಷದಿಂದ ಹೀಗೆ?"

"ಊದೋನ ವಸಡಲ್ಲಿ ರಕ್ತ ಬರ್ದೇ ಪನ್ನೀರು ಬರುತ್ತಾ? ಊದೋ ಮುಂಚೆ ಒಂದು ಗುಟುಕು ರಾಕಿಯಾ ಸಾರಾಯಿ ಬಾಯಲ್ಲಿ ಇಟ್ಕೋತೀನಿ. ಎಲ್ಲಾ ಸುಟ್ಟು ಹೋಗುತ್ತೆ. ನಮ್ಮಪ್ಪನೂ ಹಾಗೇ ಮಾಡ್ತಿದ್ದ."

"ನಿಮ್ಮಪ್ಪ ಹೇಗೆ ಸತ್ತ?"

ಉತ್ತರವನ್ನೂ ವಿದೊಸಾವಾಳೇ ಕೊಟ್ಟಳು.

"ಎದೆ ಹಿಡ್ಕೊಂಡು ಸತ್ತ, ಅರವತ್ತೂ ಆಗಿರ್ಲಿಲ್ಲ. ಆ ಮನೇಲಿ ಬೇಯಿಸಿ ಹಾಕಿದೋಳಿಗೆ ಗೊತ್ತಿಲ್ವಾ? ಕತ್ತೆ, ರಾಕಿಯಾಕ್ಕೆ ನೋವು ಮರಗಟ್ಟುತ್ತೆ, ಉರಿಯೂತ ಹೋಗಲ್ಲ. ವರ್ಷಗಟ್ಟಲೆ ಒಳಗೊಳಗೇ ಕುದೀತಿರುತ್ತೆ. ಈ ಕೊಳೆ ದಿನಾ ರಕ್ತಕ್ಕಿಳಿದು ನಿನ್ನ ಕವಾಟ ತಿಂದಿದೆ."

"ಹಿಂದಿನವು ಕಿತ್ಕೋ. ಮುಂದಿನವು ಬಂಡೆ ಇದ್ದ ಹಾಗಿವೆ."

"ಅವೇ ಮೊದಲು ಹೋಗ್ಬೇಕು."

"ಹೊಟ್ಟೆಕಿಚ್ಚು ನಿಂಗೆ! ನಮ್ಮನೆಯೋರ ಹಲ್ಲು ಮುರಿಯೋಕೆ ಇಷ್ಟು ವರ್ಷ ಕಾಯ್ತಿದ್ದೆ!"

ಎದ್ದವನೇ ಚೀಲದಿಂದ ತುತ್ತೂರಿ ಎಳೆದು ತುಟಿಗೆ ಒತ್ತಿದ. ಅವಳ ಮದುವೆಯ ದಿನ ನುಡಿಸಿದ ಕುಣಿತದ ಧಾಟಿಯನ್ನೇ ಹಿಡಿದ, ಬೇಕೆಂದೇ. ಕಿಟಕಿಯ ಗಾಜು ಅದುರಿತು. ಮೇಲಿನ ಸ್ವರಕ್ಕೆ ಹೋಗಿ ಬಲವಾಗಿ ಒತ್ತಿದನೋ ಇಲ್ಲವೋ, ತುತ್ತೂರಿ ಪುಸ್ಸೆಂದಿತು. ಮುಂದಿನ ಹಲ್ಲೊಂದು ಗಡ್ಡದ ಮೇಲಿಂದ ಜಾರಿ ನೆಲಕ್ಕೆ ಬಿದ್ದು, ಉರುಳಿ, ಅವಳ ಚಪ್ಪಲಿಯ ಹತ್ತಿರ ನಿಂತಿತು.

ಅವನು ಗೋಡೆ ಹಿಡಿದು ಏದುಸಿರು ಬಿಟ್ಟ. ಅವಳು ಹಲ್ಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಮರಗಟ್ಟಿಸುವ ಮದ್ದನ್ನು ಸಿರಿಂಜಿಗೆ ತುಂಬಿಸಿದಳು.

ದೆಸಿಮಿರ್ ತುತ್ತೂರಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕುರ್ಚಿಗೆ ಬಂದು ಬಿದ್ದ.

"ಕೀಳು, ರಾಕ್ಷಸಿ. ಆದ್ರೆ ನಿನ್ನ ಮದ್ವೇಲಿ ಊದಿದ್ದು ನಾನು, ಮರೀಬೇಡ."

"ಮರ್ತಿಲ್ಲ," ಎಂದಳು. "ಅವತ್ತೂ ಸ್ವರ ತಪ್ಪಿತ್ತು. ಬಾಯಿ ತೆಗಿ."