ಗಂಧದ ಬೊಟ್ಟು

ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ಹಳೇ ಪುಟ್ಟ ವಿಮಾನವನ್ನು ಉಮಾನಾಥ ತಾನೇ ರಿಪೇರಿ ಮಾಡಿಕೊಳ್ಳುತ್ತಿದ್ದ. ಒಂದು ಬೋಲ್ಟನ್ನೂ ಇನ್ನೊಬ್ಬರು ಮುಟ್ಟುವಂತಿರಲಿಲ್ಲ.

ಆಯುಧಪೂಜೆಯ ಮರುದಿನ ಕಿರಿಮಂಜೇಶ್ವರದ ಕಡಲ ದಂಡೆಯಿಂದ ಹಾರಿದರೆ, ವೇಗದ ಮುಳ್ಳು ಸೊನ್ನೆ ಬಿಟ್ಟು ಅಲುಗಲೇ ಇಲ್ಲ. ವೇಗ ತೀರಾ ತಗ್ಗಿದರೆ ವಿಮಾನ ಕಲ್ಲಿನಂತೆ ಬೀಳುತ್ತದೆ. ವೇಗಕ್ಕೆ ತಕ್ಕಂತೆ ಏರಿಳಿಯುವ ರೆಕ್ಕೆಯ ತಂತಿಗಳ ಶಿಳ್ಳೆಯನ್ನೇ ನಂಬಿ, ಬೆವರುತ್ತ, ಹೇಗೋ ಮರಳಿನ ಮೇಲೆ ಇಳಿಸಿದ.

ಗಾಳಿ ಹೊಕ್ಕು ವೇಗ ತೋರಿಸಬೇಕಾದ ಸಣ್ಣ ಕೊಳವೆಯ ಬಾಯಲ್ಲಿ ಗಂಧ ಒಣಗಿ ಕೂತಿತ್ತು. ನಿನ್ನೆ ಪೂಜೆಯಲ್ಲಿ ಹೆಂಡತಿ ಗಿರಿಜಾ ಇಟ್ಟ ಬೊಟ್ಟು! ಪಕ್ಕದಲ್ಲೇ ಇವನು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ.

ಬೈಯಲು ಬಾಯಿ ತೆರೆಯುವಷ್ಟರಲ್ಲಿ, ಅವನು ತಡವರಿಸಿ ಇಳಿದದ್ದನ್ನು ದಂಡೆಯಿಂದ ಕಂಡಿದ್ದ ಅವಳೇ ಓಡಿಬಂದಳು.

"ಹ್ವಾಯ್, ನಾನ್ ಗಂಧ ಹಚ್ಚಿದ್ದಕ್ಕೇ ನಿಮ್ಗ್ ಎಂತದೂ ಆಯ್ಲಿಲ್ಲ, ಕಾಣಿ! ಇನ್ಮೇಲೆ ದಿನಾ ಹಚ್ತೆ."