ಬಗ್ಗಿದವರ ಚೌಕ

ಬಗ್ಗಿದ ಮನುಷ್ಯ ಕಾರಿನ ಕಣ್ಣಿಗೆ ಕಾಣುವುದಿಲ್ಲ ಎಂದು ಮೊದಲು ಕಂಡುಹಿಡಿದವಳು ಅವಳೇ. ಬ್ಯಾಟರಿ ಕಾರಿನ ಕಂಪನಿಯಲ್ಲಿ ಅವಳದು ಚೌಕ ಬರೆಯುವ ಕೆಲಸ. ಪರದೆಯ ಮೇಲೆ ಬರುವ ರಸ್ತೆಯ ಚಿತ್ರಗಳಲ್ಲಿ ಮನುಷ್ಯರ ಸುತ್ತ ಒಂದು ಚೌಕ, ನಾಯಿಯ ಸುತ್ತ ಒಂದು, ಕಂಬದ ಸುತ್ತ ಒಂದು. ಅದನ್ನು ನೋಡಿ ನೋಡಿಯೇ ಚಾಲಕನಿಲ್ಲದ ಕಾರು ಕಲಿಯುತ್ತದೆ. ನೆಲಕ್ಕೆ ಬಗ್ಗಿದವರನ್ನು ಅದು ಕಸದ ಚೀಲವೆಂದು ಎಣಿಸುತ್ತಿತ್ತು. ಅವಳ ಅಮ್ಮ ಬೀದಿ ಗುಡಿಸುವವಳು; ಬಗ್ಗಿದ ಬೆನ್ನನ್ನು ನೋಡುತ್ತಲೇ ಬೆಳೆದವಳಿಗೆ ಆ ತಪ್ಪು ಥಟ್ಟನೆ ಕಂಡಿತು. ಎಂಟು ತಿಂಗಳು ಕೂತು ಬಗ್ಗಿದವರಿಗೆಲ್ಲ ಚೌಕ ಬರೆದಳು. ಈಗ ಕಂಪನಿಯ ಕಾರು ಅವರೆದುರು ನಿಲ್ಲುತ್ತದೆ.

ಆದರೆ ನಾಳೆಯಿಂದ ಅಮ್ಮನ ಬೀದಿಯಲ್ಲಿ ಓಡುವುದು ಎದುರಾಳಿ ಕಂಪನಿಯ ಕಾರುಗಳು. ತಮ್ಮ ಕಂಪನಿ ಹೋಲಿಸಿ ನೋಡಲೆಂದು ತಂದಿದ್ದ ಅಂಥದೊಂದು ಕಾರು, ಅಂಗಳದಲ್ಲಿ ಬಗ್ಗಿಸಿ ನಿಲ್ಲಿಸಿದ್ದ ಗೊಂಬೆಯನ್ನು ಕೆಡವಿಕೊಂಡು ಹೋದದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಎದುರಾಳಿ ಸೋತಿತೆಂದು ಆಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಆ ಕಾರುಗಳು ಬೀದಿಗಿಳಿಯುವ ಹಿಂದಿನ ದಿನ ಮಧ್ಯಾಹ್ನ, ತಮ್ಮ ಕಾರಿನ ಈ ಕಲಿಕೆಯನ್ನು ಎದುರಾಳಿಗೂ ಕೊಡುವುದೋ ಬೇಡವೋ ಎಂಬ ಸಭೆ. ಚಿತ್ರಗಳನ್ನು ತೋರಿಸಲು ಅವಳನ್ನೂ ಕರೆದಿದ್ದರು.

“ಕಷ್ಟಪಟ್ಟು ಬೇಯಿಸಿದೋರು ನಾವು. ಪಕ್ಕದ ಮನೆಯೋರನ್ನ ಕರೆದು ಬಡಿಸ್ಬೇಕಾ?” ಎಂದರು ಯಜಮಾನರು.

“ಅವರ ಕಾರು ಯಾರಿಗಾದ್ರೂ ಗುದ್ದಿದ್ರೆ ಜನ ನಮ್ಮದಕ್ಕೂ ಹೆದರ್ತಾರೆ ಸರ್,” ಎಂದಳು ಮೇಲ್ವಿಚಾರಕಿ.

“ಇಲ್ಲಾಂದ್ರೆ ಅವರದ್ದು ಬಿಟ್ಟು ನಮ್ಮದೇ ತಗೋತಾರೆ!” ಯಜಮಾನರು ನಕ್ಕರು.

ಅವಳು ಮೂಲೆಯಿಂದಲೇ ಹೇಳಿದಳು: “ಸರ್... ಆ ಬೀದಿ ಗುಡಿಸೋದು ನಮ್ಮಮ್ಮ.”

ಯಜಮಾನರು ಅವಳತ್ತ ತಿರುಗಿದರು.

“ಅಯ್ಯೋ ಚೌಕಮ್ಮ, ಮೊದಲೇ ಹೇಳಬಾರದಾ? ಒಂದು ಫೋನ್ ಮಾಡಿದ್ರೆ ಮುಗೀತು. ನಿಮ್ಮಮ್ಮನ್ನ ಬೇರೆ ಬೀದಿಗೆ ಹಾಕಿಸ್ತೀನಿ.”

ಹೂಂ ಅಂದುಬಿಡು ಎಂದಿತು ಅವಳ ಮನಸ್ಸು. ಆದರೂ ಕೇಳಿದಳು: “ಆಗ ಆ ಬೀದಿಗೆ ಯಾರು ಬರ್ತಾರೆ ಸರ್?”

“ಯಾರೋ ಒಬ್ರು.”

“ಅವರೂ ಬಗ್ಗೇ ಗುಡಿಸ್ತಾರಲ್ಲ ಸರ್.”

ಯಜಮಾನರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಒಂದು ಹದಿನೈದು ದಿನ ಕೊಡಿ. ವಕೀಲರನ್ನ ಕೇಳಿ ಹೇಳ್ತೀನಿ.”

ಸಂಜೆ ಅಮ್ಮನಿಗೆ ಎಲ್ಲವನ್ನೂ ಹೇಳಿದಳು. “ನಾಳೆ ರಜಾ ಹಾಕಮ್ಮ.”

“ನಾನು ರಜಾ ಹಾಕಿದ್ರೆ ಕಸಾನೂ ರಜಾ ಹಾಕುತ್ತಾ?”

“ಹಾಗಾದ್ರೆ ನಿಂತ್ಕೊಂಡೇ ಗುಡಿಸು.”

“ನನ್ನ ಕೈಯೇನು ಆನೆ ಸೊಂಡಿಲಾ? ಸುಮ್ನೆ ತಟ್ಟೆ ತೊಳಿ ಹೋಗು.”

ಬೆಳಿಗ್ಗೆ ಅಮ್ಮನ ಹಿಂದೆಯೇ ಹೋದಳು. ಚಿಕ್ಕಂದಿನಲ್ಲಿ ಶಾಲೆಯ ಕೊನೆಯ ಬೆಂಚಿನಲ್ಲಿ ಕೂತು, ಟೀಚರು ಹೆಸರು ಕರೆದರೆಂದು ಅತ್ತು, ಕಡೆಗೆ ಶಾಲೆಯನ್ನೇ ಬಿಟ್ಟವಳು. ಯಾರ ಕಣ್ಣಿಗೂ ಬೀಳದೆ ಬದುಕಿದವಳು. ಇಂದು ಬಗ್ಗಿದ ಅಮ್ಮನ ಹಿಂದೆ, ರಸ್ತೆಯ ನಡುವೆ, ನೆಟ್ಟಗೆ ನಿಂತಳು. ನಿಂತವರು ಎದುರಾಳಿಯ ಕಾರಿಗೂ ಕಾಣುತ್ತಾರೆ.

ತಿರುವಿನಲ್ಲಿ ಬಿಳಿಯ ಕಾರು ಬಂತು. ಸದ್ದಿಲ್ಲ. ಸ್ಟೀರಿಂಗ್ ಹಿಂದೆ ಯಾರೂ ಇಲ್ಲ. ಅವಳು ಎರಡೂ ಕೈ ಅಗಲಿಸಿದಳು. ಕಾರು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಒಂದು ಮಾರು ದೂರದಲ್ಲಿ ನಿಂತಿತು.

ಅಮ್ಮ ತಲೆ ಎತ್ತಲೇ ಇಲ್ಲ. “ಏನೇ ಇದು, ದೀಪದ ಕಂಬದ ಹಾಗೆ? ನಿನ್ನ ಕಾಲಡಿ ಕಸ ಇದೆ, ಸರಿ ಆಚೆ.”

ಅವಳು ಸರಿಯಲಿಲ್ಲ. ಅದರ ಹಿಂದೆ ಇನ್ನೊಂದು ಬರುತ್ತಿತ್ತು.