ಈ ವಾರದ ಕನಿಷ್ಠ

ಚಹಾದ ಮೇಲೆ ಕೆನೆ ಕಟ್ಟಿದೆ, ತೆಳ್ಳಗೆ, ಸುಕ್ಕುಸುಕ್ಕಾಗಿ, ಊದಿದರೆ ಒಂದು ಬದಿಗೆ ಸರಿದು ಮತ್ತೆ ಬಂದು ಕೂರುತ್ತದೆ, ಎಷ್ಟು ಹೊತ್ತಾಯಿತು ಇದನ್ನು ತಂದಿಟ್ಟು, ಒಂಬತ್ತೂವರೆಗೆ ತಂದದ್ದು, ಈಗ ಹತ್ತೂ ಇಪ್ಪತ್ತು, ಹನ್ನೊಂದಕ್ಕೆ ವಾರದ ಮುನ್ಸೂಚನೆ ಹೊರಡಬೇಕು, ರೇಡಿಯೋದವರಿಗೆ, ಪತ್ರಿಕೆಯವರಿಗೆ, ನಗರಸಭೆಗೆ, ಮತ್ತು ಅವಳ ಎದುರಿನ ಪರದೆಯ ಮೇಲೆ ಏಳು ದಿನದ ಏಳು ಖಾನೆಗಳಲ್ಲಿ ಸೋಮವಾರದ್ದೊಂದು ಮಾತ್ರ ತುಂಬಿದೆ, ಭಾಗಶಃ ಮೋಡ, ಉತ್ತರದ ಗಾಳಿ — ಭಾಗಶಃ ಎಂಬ ಪದವನ್ನು ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದಾಳೆ, ಭಾಗಶಃ ಎಂದು ಬರೆದವರನ್ನು ಯಾರೂ ಪೂರ್ತಿ ಬೈಯಲಾರರು, ಅದಕ್ಕೇ. ಕಿಟಕಿಯಾಚೆ ಎಲೆ ಉದುರಿಸಿಕೊಂಡ ಮರಗಳ ಸಾಲು, ಅದರಾಚೆ ಬಯಲು, ಉತ್ತರಕ್ಕೆ ಅಡ್ಡಲಾಗಿ ಒಂದು ಗುಡ್ಡವೂ ಇಲ್ಲ, ದಿಬ್ಬವೂ ಇಲ್ಲ, ಎಲ್ಲಿಂದಲೋ ಹೊರಟ ಗಾಳಿ ಯಾರನ್ನೂ ಕೇಳದೆ ನೇರ ಬಂದು ಈ ಕಿಟಕಿಯ ಸಂದಿಗೇ ನುಗ್ಗುತ್ತದೆ, ಸಂದಿಗೆ ತುರುಕಿದ ಕಾಗದ ಪಟಪಟ ಅನ್ನುತ್ತದೆ, ಹವಾಮಾನ ಕೇಂದ್ರಕ್ಕೇ ಗಾಳಿ ತಡೆಯುವ ಯೋಗ್ಯತೆ ಇಲ್ಲ. ಮುಖ್ಯಸ್ಥರು ಬೆಳಗ್ಗೆ ತಾವಾಗಿ ಅವಳ ಮೇಜಿನ ಹತ್ತಿರ ಬಂದರು, ಅವರು ಯಾರ ಮೇಜಿಗೂ ಬರುವವರಲ್ಲ, ಕರೆಸಿಕೊಳ್ಳುವವರು, ಬಂದು, ಮೇಡಂ, ಈ ವಾರದ್ದು ನೀವೇ ಬರೀರಿ, ಶುಕ್ರವಾರ ನೀವು ಹೇಳಿದ್ದೇ ಸರಿಯಾಯ್ತಲ್ಲ, ಮೈನಸ್ ಹದಿನಾಲ್ಕು, ಭೇಷ್ ಅಂದರು. ಭೇಷ್. ಇನ್ನು ಬೆನ್ನು ತಟ್ಟುವುದೊಂದು ಬಾಕಿ. ಪಕ್ಕದ ಮೇಜಿನ ಕನ್ನಡಕದವನು ಬಗ್ಗಿ ಡ್ರಾಯರಿನಲ್ಲಿ ಏನೋ ಹುಡುಕತೊಡಗಿದ, ಶುಕ್ರವಾರ ಮೈನಸ್ ಒಂಬತ್ತು ಎಂದು ಬರೆದವನು ಅವನೇ, ಈಗ ಅವಳ ಮುಖ ನೋಡಲಾರ, ಪಾಪ, ಅವನಿಗೇನು ಗೊತ್ತು, ಅವಳಿಗೇ ತನ್ನ ಮುಖ ನೋಡಿಕೊಳ್ಳಲಾಗದೆ ಇವತ್ತು ಕನ್ನಡಿಯಿಲ್ಲದೆ ತಲೆ ಬಾಚಿಕೊಂಡು ಬಂದಿದ್ದಾಳೆ ಎಂದು.

ಮಂಗಳವಾರ, ಕನಿಷ್ಠ ತಾಪಮಾನ, ಮೈನಸ್ — ಕರ್ಸರ್ ಮಿಣುಕುತ್ತದೆ. ಹೋದ ಸೋಮವಾರವೂ ಇದೇ ಕುರ್ಚಿ, ಇದೇ ಖಾನೆ, ನಕ್ಷೆಗಳೆಲ್ಲ ಮೈನಸ್ ಆರು ಎನ್ನುತ್ತಿದ್ದವು, ಅವಳು ಹತ್ತು ಎಂದು ಒತ್ತಿದಳು, ಒಂದು ಅಂಕಿ, ಒಂದು ಸೊನ್ನೆ, ಅಷ್ಟೇ. ಹತ್ತು ಅಂದರೆ ನಗರಸಭೆಯವರು ಒಳಾಂಗಣ ಕ್ರೀಡಾಂಗಣದ ಬಾಗಿಲು ತೆಗೆಯಬೇಕು, ಬೀದಿಯಲ್ಲಿ ಮಲಗುವವರಿಗೆ ಅವತ್ತು ಒಂದು ಹಾಸಿಗೆ, ಎರಡು ಕಂಬಳಿ, ಬಿಸಿ ಸೂಪು, ಒಂಬತ್ತು ಅಂದರೆ ಬೀಗ, ಒಂಬತ್ತರ ಚಳಿಗೆ ಮನುಷ್ಯನಿಗೆ ಏನೂ ಆಗುವುದಿಲ್ಲ ಎಂದು ಯಾವ ಪುಣ್ಯಾತ್ಮ ಬೆಚ್ಚಗಿನ ಕೋಣೆಯಲ್ಲಿ ಕೂತು ತೀರ್ಮಾನಿಸಿದನೋ. ಅದರ ಹಿಂದಿನ ದಿನ, ಭಾನುವಾರ, ಬಸ್ಸಿನ ಕಿಟಕಿಯಿಂದ ಕಂಡಿದ್ದ ಅಣ್ಣ, ಬಸ್ ನಿಲ್ದಾಣದ ಕೊನೆಯ ಬೆಂಚಿನ ಮೇಲೆ, ರಟ್ಟಿನ ಹಾಳೆ ಹಾಸಿಕೊಂಡು ಕೂತಿದ್ದ, ಟೊಪ್ಪಿಗೆ ಕಿವಿ ಮುಚ್ಚುವವರೆಗೆ ಎಳೆದು, ಯಾರದೋ ಹಳೆಯ ಪತ್ರಿಕೆ ಓದುತ್ತ, ಓದುವಾಗ ತುಟಿ ಅಲ್ಲಾಡಿಸುವ ಚಾಳಿ ಇನ್ನೂ ಬಿಟ್ಟಿಲ್ಲ. ಇಳಿಯಬಹುದಿತ್ತು. ಕೈಯಲ್ಲಿ ತರಕಾರಿ ಚೀಲವಿತ್ತು, ಅದೇ ನೆಪ, ಚೀಲ ಹಿಡಿದು ಮನೆಗೆ ಬಂದಳು, ಬಂದು ಹೂಕೋಸು ಹೆಚ್ಚಿದಳು. ಮೂವತ್ತು ವರ್ಷ ಊರಿನ ಚಾವಣಿಗಳನ್ನೆಲ್ಲ ಹತ್ತಿ ಇಳಿದವನು, ಹೆಂಚು ಬದಲಿಸುವವನು, ತಗಡು ಹೊಡೆಯುವವನು, ದಿನಾ ಬೆಳಗ್ಗೆ ಕಚೇರಿಗೆ ಫೋನು, ಏನಮ್ಮಾ ಮೋಡಮ್ಮಾ, ಇವತ್ತು ಹತ್ತಬಹುದಾ, ನಿನ್ನ ಗಾಳಿ ನನ್ನ ಏಣಿ ಮೇಲೆ ಕಣ್ಣು ಹಾಕಿಲ್ಲ ತಾನೇ, ಕಚೇರಿಯಲ್ಲಿ ಎಲ್ಲರಿಗೂ ಆ ಹೆಸರು ಗೊತ್ತಾಗಿ ಚಹಾ ತರುವವಳು ಕೂಡ ಒಂದು ದಿನ ಬಾಯಿ ತಪ್ಪಿ ಮೋಡಮ್ಮ ಅಂದುಬಿಟ್ಟಿದ್ದಳು. ಗಾಳಿಯಿಲ್ಲದ ಒಂದು ಒಣ ದಿನ, ಅವಳು ಹತ್ತಬಹುದು ಅಂದ ದಿನವೇ, ಬಿದ್ದ, ನಿನ್ನ ಗಾಳಿದೇನೂ ತಪ್ಪಿಲ್ಲಮ್ಮ, ಒಳಗಿದ್ದ ಎಣ್ಣೆದು ಅಂತ ಆಸ್ಪತ್ರೆಯಲ್ಲಿ ತಾನೇ ಹೇಳಿ ನಕ್ಕ, ಆಮೇಲೆ ಚಾವಣಿ ಹತ್ತಲಿಲ್ಲ, ಎಣ್ಣೆ ಬಿಡಲಿಲ್ಲ, ಒಂದು ವಾರ ಇರ್ತೀನಿ ಅಂತ ಅವಳ ಮನೆಗೆ ಬಂದವನು ಏಳು ತಿಂಗಳು ಉಳಿದ, ಮಹಡಿಯ ಸಣ್ಣ ಕೋಣೆ, ಸಿಗರೇಟಿನ ಬೆಂಕಿಗೆ ಹಾಸಿಗೆ ಹೊತ್ತಿ, ಗೋಡೆ ಕಪ್ಪಾಗಿ, ಗಂಡ ಒಂದು ಬಕೆಟ್ ನೀರು ಸುರಿದು ಖಾಲಿ ಬಕೆಟ್ ಹಿಡಿದುಕೊಂಡೇ, ನಿಮ್ಮಣ್ಣನಾ ನಾನಾ, ಯಾರಿರಬೇಕು ನೀನೇ ಹೇಳು ಅಂದ. ಹೇಳಬೇಕಾಗಲಿಲ್ಲ, ಅಣ್ಣನೇ ಬೆಳಗ್ಗೆ ಚೀಲ ಕಟ್ಟಿದ್ದ, ಭಾವಂದೇನೂ ತಪ್ಪಿಲ್ಲ, ನನ್ನಂಥವನನ್ನ ಯಾರು ತಾನೆ ಇಟ್ಕೋತಾರೆ, ಬರ್ತೀನಿ ಕಣೇ. ಗೋಡೆಗೆ ಹೊಸ ಬಣ್ಣ ಹೊಡೆಸಿದರು, ತಿಳಿ ಹಳದಿ, ಕೋಣೆ ಈಗಲೂ ಖಾಲಿ, ಇಸ್ತ್ರಿ ಮೇಜು ಇದೆ, ಅಷ್ಟೇ, ಇಸ್ತ್ರಿ ಮೇಜಿಗೆ ಇಡೀ ಒಂದು ಕೋಣೆ.

ಆ ಮಂಗಳವಾರ ಮೈನಸ್ ಐದಕ್ಕೇ ನಿಂತಿತು. ಬುಧವಾರ ನಗರಸಭೆಯವರ ಫೋನು, ಮೂವತ್ತೆಂಟು ಜನ ಬಂದರು, ಸೆಕೆ ಅಂತ ಕಿಟಕಿ ತೆಗೆಸಿದರು, ಇದೇನು ಮುನ್ಸೂಚನೆಯೋ ತಮಾಷೆಯೋ, ಮುಖ್ಯಸ್ಥರು ಕರೆಸಿದರು, ಮೇಡಂ, ನಕ್ಷೆ ನಾನೂ ನೋಡಿದೆ, ಆರು ಅಂತಿದೆ, ಹತ್ತು ಎಲ್ಲಿಂದ ಬಂತು, ಅವಳು ನಿಂತೇ ಇದ್ದಳು, ಅಂದಾಜು ತಪ್ಪಿತು ಸರ್, ಅಂದಾಜು ಅಲ್ಲ ಮೇಡಂ ಇದು, ಸ್ವಲ್ಪ ದಿನ ವಾರದ್ದನ್ನ ಪಕ್ಕದ ಮೇಜಿನವರು ಬರೀಲಿ, ನೀವು ಮಳೆಮಾಪನದ ಹಳೇ ದಾಖಲೆ ನೋಡ್ಕೊಳ್ಳಿ. ಅದಕ್ಕೆ ಬೇಜಾರಿಲ್ಲ, ಸುಳ್ಳು ಬರೆದವಳಿಗೆ ಅಷ್ಟು ಆಗಲೇಬೇಕು, ಆ ಮೂವತ್ತೆಂಟರಲ್ಲಿ ಒಬ್ಬ ಅಣ್ಣ ಅಂದುಕೊಂಡೇ ಅವಳು ಆ ರಾತ್ರಿ ಮಗ್ಗುಲು ಬದಲಿಸದೆ ನಿದ್ದೆ ಮಾಡಿದ್ದಳು, ತನ್ನ ಕರ್ತವ್ಯ ಮುಗಿಯಿತು, ಹಾಸಿಗೆ ಸಿಕ್ಕಿತು, ಕಂಬಳಿ ಸಿಕ್ಕಿತು, ಗಂಡನ ಜೊತೆ ಜಗಳವೂ ತಪ್ಪಿತು. ಗುರುವಾರ ಊಟದ ಬಿಡುವಿನಲ್ಲಿ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೋದರೆ ಅದೇ ಬೆಂಚು, ಅದೇ ರಟ್ಟು. ಅಣ್ಣಾ, ಮಂಗಳವಾರ ಯಾಕೆ ಹೋಗಲಿಲ್ಲ, ಬಾಗಿಲು ತೆಗೆದಿದ್ರಲ್ಲ. ನಕ್ಕ, ಮುಂದಿನ ಎರಡು ಹಲ್ಲು ಇಲ್ಲ, ಯಾವಾಗ ಹೋದವು, ಅವಳಿಗೆ ಗೊತ್ತೇ ಇಲ್ಲ, ಪಕ್ಕದ ಬೆಂಚಿನವರು ಬಾರಯ್ಯ ಅಂತ ಎಳೆದರು, ನಾನೇ ಹೋಗಲಿಲ್ಲ, ಮಂಗಳವಾರ ಚಳಿ ಎಲ್ಲಿತ್ತೇ ಮೋಡಮ್ಮಾ, ಮೂಗಿನೊಳಗೆ ಕೂದಲು ಸೆಟೆದು ನಿಲ್ಲದೆ ಹತ್ತು ಆಗಲ್ಲ, ಚಾವಣಿ ಮೇಲೆ ಬದುಕಿದವನಿಗೆ ಅಷ್ಟೂ ಗೊತ್ತಾಗಲ್ವಾ, ಸುಳ್ಳು ಬರೆದಿದ್ದಾಳೆ ನಮ್ಮ ಹುಡುಗಿ ಅಂದ್ಕೊಂಡೆ, ಯಾರಿಗೋಸ್ಕರ ಅಂತಾನೂ ಅಂದ್ಕೊಂಡೆ. ಚಹಾ ಕುಡಿದ, ಎರಡೂ ಕೈಯಲ್ಲಿ ಮುಚ್ಚಳ ಹಿಡಿದು, ಸದ್ದು ಮಾಡುತ್ತ, ಕೊನೆಯ ಹನಿಯನ್ನು ನೆಲಕ್ಕೆ ಕೊಡವಿ ಮುಚ್ಚಳ ತಿರುಪಿ ಫ್ಲಾಸ್ಕನ್ನು ಅವಳ ಮಡಿಲಿಗಿಟ್ಟ, ಇಟ್ಕೋ ಅಣ್ಣ, ಬೇಡ, ಫ್ಲಾಸ್ಕ್ ಎಲ್ಲಿ ಅಂತ ಭಾವ ಕೇಳ್ತಾರೆ. ಆಮೇಲೆ ಬಸ್ಸುಗಳನ್ನು ನೋಡುತ್ತ, ಊರಿನ ಬಾಗಿಲನ್ನೇ ತೆಗೆಸಿಬಿಟ್ಟೆಯಲ್ಲೇ, ದೊಡ್ಡ ಮನಸ್ಸು ನಿಂದು ಅಂದ. ಅಷ್ಟೇ ಅಂದ. ಬೈದಿದ್ದರೆ, ನಾಲ್ಕು ಜನರ ಎದುರು ಕಿರುಚಿದ್ದರೆ, ಅವಳೂ ಒಂದಕ್ಕೆರಡು ಕಿರುಚಿ ಎದ್ದು ಬರುತ್ತಿದ್ದಳು, ಹಾಸಿಗೆ ಸುಟ್ಟದ್ದು, ಕುಡಿದು ಮೆಟ್ಟಿಲ ಮೇಲೆ ವಾಂತಿ ಮಾಡಿದ್ದು ಎಲ್ಲ ಎತ್ತಿ ಆಡಿ ಹಗುರಾಗುತ್ತಿದ್ದಳು, ಅದಕ್ಕೂ ಆಸ್ಪದ ಕೊಡಲಿಲ್ಲ, ದೊಡ್ಡ ಮನಸ್ಸಂತೆ.

ಶುಕ್ರವಾರದ ನಕ್ಷೆ ಬಂತು, ಕತ್ತಲಾದ ಮೇಲೆ ಹಿಮ, ನಡುರಾತ್ರಿಗೆ ಮೋಡ ಒಡೆದು ಆಕಾಶ ಬಿಚ್ಚಿಕೊಂಡರೆ ಇರುವ ಬಿಸಿಯೆಲ್ಲ ಮೇಲೆ ಹಾರಿಹೋಗುತ್ತದೆ, ಹದಿನಾಲ್ಕು, ಹದಿಮೂರಂತೂ ಖಂಡಿತ, ಕನ್ನಡಕದವನ ಹೆಗಲ ಮೇಲಿಂದ ಬಗ್ಗಿ ನೋಡಿದರೆ ಅವನು ಒಂಬತ್ತು ಎಂದು ಹಾಕಿದ್ದ, ಹತ್ತು ಹಾಕಿ ಬೈಸಿಕೊಳ್ಳೋದು ಬೇಡ ಮೇಡಂ, ಒಂಬತ್ತಕ್ಕೆ ಯಾರೂ ಫೋನ್ ಮಾಡಲ್ಲ. ಮುಖ್ಯಸ್ಥರ ಕೋಣೆಗೆ ಓಡಿದಳು, ಸರ್, ಹದಿನಾಲ್ಕು ಆಗತ್ತೆ, ದಯವಿಟ್ಟು, ಅವರು ಕುರ್ಚಿಯಿಂದ ಏಳದೆ, ಮಂಗಳವಾರವೂ ನೀವು ಹೀಗೇ ಹೇಳಿದ್ರಿ ಅಲ್ವಾ ಮೇಡಂ ಅಂದರು, ಮೆತ್ತಗೆ, ನಗುತ್ತ. ಸುಳ್ಳು ಹೇಳಿದ ಬಾಯಲ್ಲಿ ನಿಜ ಬಂದರೂ ಅದೇ ನಾಲಗೆ, ಅದೇ ಸ್ವರ, ಗುರುತು ಹಿಡಿಯುವುದಾದರೂ ಹೇಗೆ, ತಪ್ಪು ಅವರದೂ ಅಲ್ಲ. ಹೊರಗೆ ಬಂದು ಗಂಡನಿಗೆ ಫೋನು, ಇವತ್ತೊಂದಿನ ಅಣ್ಣನ್ನ ಕರ್ಕೊಂಡು ಬರ್ಲಾ, ತುಂಬಾ ಚಳಿ ಬರತ್ತೆ ರೀ, ಆ ಕಡೆಯಿಂದ, ಒಂದಿನ ಅಂತ ಬಂದ್ರೆ ನಿಮ್ಮಣ್ಣನಿಗೆ ಎಷ್ಟು ದಿನ ಅಂತ ನಿನಗೇ ಗೊತ್ತಲ್ಲ, ನೋಡು, ನಿನ್ನಿಷ್ಟ. ನಿನ್ನಿಷ್ಟ ಅಂದಿದ್ದ. ಬೇಡ ಅನ್ನಲಿಲ್ಲ, ಅವಳ ಇಷ್ಟಕ್ಕೇ ಬಿಟ್ಟಿದ್ದ, ಮತ್ತು ಅವಳಿಗೆ ಆಗ ಆದದ್ದೇನು, ಹಾಯಾಯಿತು, ಗಂಡ ಒಪ್ಪಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಅಷ್ಟು ಸಾಕಿತ್ತು, ಸಂಜೆಯ ಬಸ್ಸು ನಿಲ್ದಾಣದ ಮುಂದೆ ನಿಂತಾಗ ಅವಳು ಬೆಂಚು ಕಾಣುವ ಕಡೆಯ ಕಿಟಕಿಯಲ್ಲಿ ಕೂತಿರಲಿಲ್ಲ, ಇನ್ನೊಂದು ಕಡೆಯದರಲ್ಲಿ ಕೂತಿದ್ದಳು, ಬೇಕೆಂದೇ.

ಶನಿವಾರ ಬೆಳಗ್ಗೆ ಏಳಕ್ಕೆ ಕಸದ ಬುಟ್ಟಿ ಹಿಡಿದು ಬಾಗಿಲು ತೆರೆದರೆ ಮೂಗಿನೊಳಗೆ ಕೂದಲು ಸೆಟೆದವು, ಅಂಗಳದಲ್ಲಿ ನಾಲ್ಕು ಬೆರಳಿನಷ್ಟು ಹಿಮ, ಒಂದು ಹಕ್ಕಿಯ ಕಾಲೂ ತಾಕಿಲ್ಲ, ಗೇಟಿನಾಚೆ ಮಾತ್ರ ಬೀದಿಯಿಂದ ಬಂದು ಹಿಂದಿರುಗಿದ ಹೆಜ್ಜೆಗಳು, ಬಲಗಾಲಿನ ಗುರುತು ಪೂರ್ತಿ, ಹಿಮ್ಮಡಿ ಸಮೇತ, ಎಡಗಾಲಿಗೆ ಗುರುತಿಲ್ಲ, ಎಳೆದ ಗೀಟು, ಚಾವಣಿಯಿಂದ ಬಿದ್ದ ಮೇಲೆ ಅಣ್ಣ ಹಾಗೇ ನಡೆಯುವುದು, ಈ ಊರಿನಲ್ಲಿ ಬೇರೆ ಯಾರೂ ಹಾಗೆ ನಡೆಯುವುದಿಲ್ಲ. ಗೇಟಿಗೆ ಬೀಗವಿರಲಿಲ್ಲ, ಚಿಲಕವಿತ್ತು, ಮೇಲಕ್ಕೆತ್ತಿದರೆ ತೆರೆಯುತ್ತದೆ, ಏಳು ತಿಂಗಳು ಎತ್ತಿ ಗೊತ್ತಿದ್ದವನಿಗೆ ಅದು ಹೊಸದಲ್ಲ. ಬುಟ್ಟಿ ಕೆಳಗಿಟ್ಟಳು. ಆಗ ಕೋಟು ಹಾಕಿಕೊಂಡು ಆ ಗೀಟಿನ ಜಾಡು ಹಿಡಿದು ಓಡಬೇಕಿತ್ತು, ನಿಲ್ದಾಣ ಎಷ್ಟು ದೂರ, ಕಾಲು ಗಂಟೆಯ ದಾರಿ, ಮಹಡಿಯಲ್ಲಿ ಗಂಡ ಕೆಮ್ಮಿದ, ಎದ್ದಿದ್ದಾನೆ, ಈಗ ಇಳಿದು ಬರುತ್ತಾನೆ, ನೋಡುತ್ತಾನೆ, ಕೇಳುತ್ತಾನೆ, ಅವಳು ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡಳು, ಗೇಟು ತೆರೆದಳು, ಗುಡಿಸಿದಳು. ಬೀದಿಯವರೆಗೂ ಗುಡಿಸಿದಳು. ಏನಿಷ್ಟು ಬೆಳಗ್ಗೆ ಅಂದ ಗಂಡ, ಜಾರತ್ತೆ ಅಂತ ಅಂದಳು, ಒಲೆ ಹಚ್ಚಿ ಹಾಲಿಟ್ಟಳು. ಒಂಬತ್ತಕ್ಕೆ ನಿಲ್ದಾಣ ಗುಡಿಸಲು ಬಂದ ಹೆಂಗಸು ಅಣ್ಣನನ್ನು ಕಂಡು ಆಂಬುಲೆನ್ಸ್ ಕರೆಸಿದ್ದಳು, ಭಾನುವಾರ ಆಸ್ಪತ್ರೆಯಿಂದ ಫೋನು, ಜೇಬಿನಲ್ಲಿ ನಿಮ್ಮ ನಂಬರು ಸಿಕ್ಕಿತು, ನೀವು ಏನಾಗಬೇಕು, ತಂಗಿ ಅಂದಳು, ಕೋಟು ಹಾಕಿಕೊಂಡು ಹೋದಳು. ಡಾಕ್ಟರು ಕಾಗದದ ಮೇಲೆ ಪಾದದ ಚಿತ್ರ ಬರೆದು ಅಡ್ಡಗೆರೆ ಎಳೆದರು, ಎಡಗಾಲು ಇಲ್ಲಿಂದ ತೆಗೀಬೇಕು, ಬಲಗಾಲಿನ ಬೆರಳು ನೋಡೋಣ, ಎರಡು ಗಂಟೆ ಮೊದಲು ತಂದಿದ್ರೆ ಮಾತೇ ಬೇರೆ ಇತ್ತು. ಎರಡು ಗಂಟೆ. ಒಂಬತ್ತರಲ್ಲಿ ಎರಡು ಕಳೆಯಲು ಯಾವ ಹವಾಮಾನ ಶಾಸ್ತ್ರವೂ ಬೇಡ. ಅಣ್ಣ ಕಣ್ಣು ಬಿಟ್ಟ, ಬಂದೆಯಾ ಮೋಡಮ್ಮಾ, ಹದಿನಾಲ್ಕು ಆಗಿತ್ತಾ, ಆಗಿತ್ತು ಅಣ್ಣ, ಅಂದ್ಕೊಂಡೆ, ಮೂಗಿಗೇ ಗೊತ್ತಾಯ್ತು. ರಾತ್ರಿ ಎಲ್ಲಿಗಾದ್ರೂ ಹೋಗಿದ್ಯಾ ಅಣ್ಣ, ಯಾಕೆ ಕೇಳಿದಳೋ, ಕೇಳಬಾರದಿತ್ತು, ಅವನು ಅವಳನ್ನೇ ನೋಡಿದ, ಇಲ್ಲ ಕಣೇ, ಬೆಂಚು ಬಿಟ್ಟು ಕದಲಲೇ ಇಲ್ಲ ನಾನು ಅಂದ.

ಹತ್ತೂ ಐವತ್ತು. ಮೇಡಂ, ರೇಡಿಯೋದವರು ಲೈನಿನಲ್ಲಿದ್ದಾರೆ, ಕನ್ನಡಕದವನು ಹೇಳುತ್ತಿದ್ದಾನೆ, ಮಂಗಳವಾರದ್ದು ಎಷ್ಟು ಅಂತ ಕೇಳ್ತಿದ್ದಾರೆ, ನಕ್ಷೆ ಮೈನಸ್ ಎಂಟು ಎನ್ನುತ್ತಿದೆ, ಎಂಟಕ್ಕೆ ಬೀಗ, ಹತ್ತು ಎಂದು ಒತ್ತಿದರೆ ಇವತ್ತು ನಂಬುತ್ತಾರೆ, ಇವತ್ತು ಅವಳು ಏನು ಬರೆದರೂ ನಂಬುತ್ತಾರೆ, ಯಾರಿಗೆ ಬೇಕು ಈಗ, ಮೈನಸ್, ಅವಳು ಒಂದು ಅಂಕಿ ಒತ್ತಬೇಕು, ಬೆರಳು ಇಳಿಯುವುದಿಲ್ಲ, ಬಿಳಿ ಖಾನೆ, ಬಿಳಿ, ಅದರ ಮೇಲೆ ಬೀದಿಯಿಂದ ಬರುತ್ತಿವೆ, ಬಲಗಾಲು, ಗೀಟು, ಬಲಗಾಲು, ಗೀಟು, ಗೇಟಿನ ಮುಂದೆ ಹಿಮವೆಲ್ಲ ತುಳಿದು ಕಲಸಿಹೋಗಿದೆ, ಬಹಳ ಹೊತ್ತು ನಿಂತಿದ್ದಾನೆ, ಗೇಟಿನ ಮೇಲಿನ ಹಿಮದಲ್ಲಿ ನಾಲ್ಕು ಬೆರಳು ಇಟ್ಟು ಒತ್ತಿದ ಜಾಗ, ಚಿಲಕಕ್ಕೆ ಒಂದು ಗೇಣು ಈಚೆಗೆ, ಅಲ್ಲಿಂದ ಬೀದಿಗೆ ಮುಖ ಮಾಡಿ ಮತ್ತೆ, ಬಲಗಾಲು, ಗೀಟು, ಮೇಡಂ, ಬಲಗಾಲು, ಗೀಟು, ಬಲಗಾಲು —